ಆರನೆಯ ನಂಬರಿನ ಮೋಟಾರು

ಮೋಟಾರು ಪಂದ್ಯದ ಒಂದು ಛಾಯಾಚಿತ್ರ ಜಗತ್ಪ್ರಸಿದ್ಧವಾಗಿದೆ. ತೆಗೆದವನ ಹೆಸರನ್ನು ಕೇಳದವರೂ ಚಿತ್ರವನ್ನು ಎಲ್ಲಿಯಾದರೂ ಕಂಡಿರುವುದು ಸಾಧ್ಯ. ಮೋಟಾರಿನ ಹಿಂಭಾಗ ಮಾತ್ರ ಚೌಕಟ್ಟಿನೊಳಗೆ ಉಳಿದಿದೆ. ಮೂತಿ ಆಗಲೇ ದಾಟಿ ಹೋಗಿದೆ. ಹಿಂದಿನ ಚಕ್ರ ದುಂಡಗಿಲ್ಲ, ಮೊಟ್ಟೆಯಂತೆ ನೀಳವಾಗಿ ಮುಂದಕ್ಕೆ ಬಾಗಿದೆ. ರಸ್ತೆಯ ಬದಿಯಲ್ಲಿ ನಿಂತ ಜನರು ಗಾಳಿಗೆ ಸಿಕ್ಕಿದ ಜೋಳದ ದಂಟುಗಳ ಹಾಗೆ ಹಿಂದಕ್ಕೆ ವಾಲಿದ್ದಾರೆ. ಗಾಡಿಯ ಮೇಲೆ ದೊಡ್ಡದಾಗಿ ೬ ಎಂಬ ಅಂಕೆ ಬರೆದಿದೆ. ಇದನ್ನು ತೆಗೆದವನು ಜಾಕ್ ಆನ್ರಿ ಲಾರ್ತೀಗ್ ಎಂಬ ಫ್ರೆಂಚ್ ತರುಣ. ಆಗ ಅವನ ವಯಸ್ಸು ೧೮ ಆಗಿತ್ತೋ ೧೯ ಆಗಿತ್ತೋ ಎಂಬ ಪ್ರಶ್ನೆಗೆ ಉತ್ತರ ಕೊಟ್ಟುದು ಅವನ ನೆನಪಲ್ಲ, ಆ ಅಂಕೆ.

ಲಾರ್ತೀಗನು ೧೮೯೪ನೆಯ ಇಸವಿ ಜೂನ್ ೧೩ರಂದು ಪ್ಯಾರಿಸ್ಸಿಗೆ ಹತ್ತಿರದ ಕೂರ್ಬವ್ವಾ ಎಂಬಲ್ಲಿ ಹುಟ್ಟಿದನು. ಮನೆತನ ಶ್ರೀಮಂತವಾದುದು. ತಂದೆಗೆ ವ್ಯವಹಾರದ ಜೊತೆಗೆ ಫೋಟೋ ತೆಗೆಯುವ ಹುಚ್ಚೂ ಹೊಸ ಯಂತ್ರಗಳ ಹುಚ್ಚೂ ಇದ್ದವು. ಹುಡುಗನ ದೇಹಪ್ರಕೃತಿ ದುರ್ಬಲ. ಅಣ್ಣ ಮೊರೀಸನು (ಮನೆಯಲ್ಲಿ ಅವನನ್ನು ಝಿಸ್ಸು ಎನ್ನುತ್ತಿದ್ದರು) ಗಾಲಿ ಕಟ್ಟಿದ ಜಾರುಬಂಡಿಗಳನ್ನೂ ಹಾರುವ ಯಂತ್ರಗಳನ್ನೂ ಮಾಡಿ ಇಳಿಜಾರಿನಲ್ಲಿ ಬಿದ್ದು ಏಳುತ್ತಿದ್ದರೆ, ತಮ್ಮನು ಪಕ್ಕದಲ್ಲಿ ನಿಂತು ನೋಡುವವನಾದನು.

ನೋಡಿದ್ದು ಕಳೆದುಹೋಗುತ್ತದೆ ಎಂಬ ಸಂಕಟ ಅವನಿಗೆ ಎಳೆಯ ವಯಸ್ಸಿನಲ್ಲೇ ಹತ್ತಿತು. ಕಣ್ಣನ್ನು ತೆರೆದು ಮುಚ್ಚಿ, ನಿಂತಲ್ಲೇ ಗಿರ್ರನೆ ಸುತ್ತಿದರೆ ಕಂಡ ದೃಶ್ಯ ತನ್ನೊಳಗೆ ಸೆರೆಯಾಗುವುದೆಂದು ಒಂದು ಉಪಾಯವನ್ನು ಆ ಮಗು ಕಲ್ಪಿಸಿಕೊಂಡಿತ್ತು. ಕೆಲವು ದಿನಗಳಲ್ಲಿ ಆ ಬಲೆ ಹರಿಯಿತು, ಹಿಡಿದಿಟ್ಟದ್ದೇನೂ ಉಳಿಯಲಿಲ್ಲ. ೧೯೦೨ರಲ್ಲಿ ತಂದೆಯು ಮರದ ದೊಡ್ಡ ಕ್ಯಾಮೆರಾ ಒಂದನ್ನು ಕೊಡಿಸಿದನು. ಗಾಜಿನ ಪ್ಲೇಟು ಹಾಕಿ ತೆಗೆಯುವ ಕ್ಯಾಮೆರಾ ಅದು. ಎಂಟರ ಹುಡುಗನಿಗೆ ಅದು ಆಟಿಕೆಯಲ್ಲ, ಹರಿದ ಬಲೆಗೆ ಬದಲಾಗಿ ಸಿಕ್ಕಿದ ಗಟ್ಟಿ ಬಲೆ.

ಅಂದಿನಿಂದ ಅವನು ತೆಗೆಯದೆ ಬಿಟ್ಟುದು ಕಡಿಮೆ. ಮೆಟ್ಟಿಲಿನಿಂದ ಹಾರುವ ಬಂಧುಗಳು, ನೀರಿಗೆ ಧುಮುಕುವವರು, ಬ್ವಾ ದ ಬುಲೋನ್ ಉಪವನದಲ್ಲಿ ದೊಡ್ಡ ಟೊಪ್ಪಿಗೆ ತೊಟ್ಟು ನಡೆಯುವ ಹೆಂಗಸರು, ನೆಲದಿಂದ ಮೊಳದೆತ್ತರ ಎದ್ದು ಮುರಿದು ಬೀಳುವ ವಿಮಾನಗಳು. ೧೯೦೫ರಲ್ಲಿ ಓವರ್ನ್ ಪ್ರಾಂತದಲ್ಲಿ ನಡೆದ ಗಾರ್ಡನ್ ಬೆನೆಟ್ ಪಂದ್ಯವನ್ನು ನೋಡಿದ ಮೇಲೆ ಮೋಟಾರು ಪಂದ್ಯಗಳು ಅವನಿಗೆ ಜಾತ್ರೆಯಂತಾದವು. ಫೋಟೋ ತೆಗೆದುದಲ್ಲದೆ ದಿನಚರಿಯನ್ನೂ ಬರೆದನು. ಆ ದಿನದ ಹವೆ ಹೇಗಿತ್ತು, ಯಾರನ್ನು ಕಂಡೆ, ಏನು ತೆಗೆದೆ ಎಂಬುದನ್ನೆಲ್ಲ ನಮೂದಿಸಿ, ತೆಗೆದ ಚಿತ್ರದ ಸಣ್ಣ ರೇಖಾಕೃತಿಯನ್ನು ಪಕ್ಕದಲ್ಲಿ ಬಿಡಿಸಿಡುವ ಅಭ್ಯಾಸ ಅವನದು. ಅವನ ಆಲ್ಬಮ್ಮುಗಳು ನೂರಕ್ಕೂ ಮಿಕ್ಕು. ಇಷ್ಟು ಕಟ್ಟುನಿಟ್ಟಿನ ಲೆಕ್ಕ ನಮ್ಮ ಬ್ಯಾಂಕಿನ ಲೆಡ್ಜರುಗಳಲ್ಲೂ ಅಪರೂಪ!

ಇನ್ನು ಆ ಚಿತ್ರದ ಸಂಗತಿ. ಅಂದಿನ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಪ್ಲೇಟಿನ ಮುಂದೆಯೇ ಒಂದು ಪರದೆ ಇರುತ್ತಿತ್ತು. ಪರದೆಯಲ್ಲಿ ಒಂದು ಸೀಳು. ಆ ಸೀಳು ಮೇಲಿನಿಂದ ಕೆಳಕ್ಕೆ ಸರಿಯುತ್ತಾ ಪ್ಲೇಟಿನ ಮೇಲೆ ಪಟ್ಟೆ ಪಟ್ಟೆಯಾಗಿ ಬೆಳಕನ್ನು ಬಿಡುವುದು. ಪ್ಲೇಟಿನ ಮೇಲೆ ಬಿಂಬ ತಲೆಕೆಳಗಾಗಿರುವುದರಿಂದ ಮೊದಲು ಮೂಡುವುದು ನೆಲ, ಕೊನೆಗೆ ಆಕಾಶ. ಚಕ್ರದ ಕೆಳಭಾಗ ಮೂಡಿ ಮೇಲ್ಭಾಗ ಮೂಡುವಷ್ಟರಲ್ಲಿ ಗಾಡಿ ಒಂದಿಷ್ಟು ಮುಂದೆ ಸರಿದಿರುತ್ತದೆ. ಆದುದರಿಂದ ಚಕ್ರ ಮುಂದಕ್ಕೆ ಬಾಗಿತು. ಲಾರ್ತೀಗನು ಗಾಡಿಯ ಹಿಂದೆಯೇ ಕ್ಯಾಮೆರಾವನ್ನು ತಿರುಗಿಸಿದನು, ಆದರೆ ಗಾಡಿಯಷ್ಟು ವೇಗವಾಗಿ ತಿರುಗಿಸಲಾಗಲಿಲ್ಲ. ಕ್ಯಾಮೆರಾ ತಿರುಗಿದ ಕಾರಣ ನಿಂತ ಜನರು ಬಿಂಬದಲ್ಲಿ ಹಿಂದೆ ಸರಿದರು, ಹಿಂದಕ್ಕೆ ವಾಲಿದರು. ಕಣ್ಣಿಗೆ ಕಾಣದ ವೇಗ ಹೀಗೆ ಗಾಜಿನ ಮೇಲೆ ಕಂಡಿತು. ಮೋಟಾರಿನ ಮೂತಿಯೇ ಕತ್ತರಿಸಿಹೋದ ಈ ಪ್ಲೇಟನ್ನು ತರುಣನು ಕೆಟ್ಟುಹೋದುದೆಂದು ಬಗೆದು ಬದಿಗಿಟ್ಟನು.

ಅಲ್ಲಿಂದ ಮುಂದಿನ ಜೀವನವನ್ನು ಬೇಗನೆ ಹೇಳಿಬಿಡಬಹುದು. ೧೯೧೫ರಲ್ಲಿ ಅವನು ಅಕಾಡೆಮಿ ಜೂಲಿಯಾನ್ ಎಂಬ ಶಾಲೆಯಲ್ಲಿ ಚಿತ್ರಕಲೆ ಕಲಿತನು. ತಾನು ಚಿತ್ರಕಾರನೆಂದೇ ಅವನ ನಂಬಿಕೆ. ಫೋಟೋ ಸ್ವಂತ ಸಂತೋಷಕ್ಕೆ. ೧೯೧೯ರಲ್ಲಿ ಸಂಗೀತಗಾರ ಆಂದ್ರೆ ಮೆಸಾಜೆಯ ಮಗಳು ಮಾದಲೇನಳನ್ನು ಮದುವೆಯಾದನು. ೧೯೩೧ರಲ್ಲಿ ಆ ಸಂಸಾರ ಒಡೆಯಿತು. ಮನೆತನದ ಐಶ್ವರ್ಯವೂ ಕರಗಿತು. ಬಣ್ಣದ ಚಿತ್ರಗಳನ್ನು ಮಾರಿ ಜೀವನ ಸಾಗಿಸಬೇಕಾಯಿತು. ಮುಂದೆ ಫ್ಲೋರೆತ್ ಎಂಬಾಕೆ ಕೈಹಿಡಿದು ಕಡೆಯವರೆಗೂ ಜೊತೆಯಾದಳು.

೧೯೬೨ರಲ್ಲಿ ದಂಪತಿಗಳು ಅಮೆರಿಕಕ್ಕೆ ಹೋದರು. ಅಲ್ಲಿ ಕೆಲವು ಹಳೆಯ ಫೋಟೋಗಳು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಜಾನ್ ಷಾರ್ಕೋವ್ಸ್ಕಿಯ ಕಣ್ಣಿಗೆ ಬಿದ್ದವು. ಮರುವರ್ಷವೇ ಅಲ್ಲಿ ಪ್ರದರ್ಶನವಾಯಿತು. ಅದೇ ೧೯೬೩ರ ನವೆಂಬರಿನಲ್ಲಿ ಲೈಫ್ ಪತ್ರಿಕೆಯು ಅವನ ಚಿತ್ರಗಳನ್ನು ಅಚ್ಚುಹಾಕಿತು. ಅಧ್ಯಕ್ಷ ಕೆನೆಡಿಯ ಕೊಲೆಯ ಸುದ್ದಿ ಹೊತ್ತು ಬಂದ ಸಂಚಿಕೆಯೂ ಅದೇ ಆದುದರಿಂದ ಲೆಕ್ಕವಿಲ್ಲದಷ್ಟು ಮನೆಗಳನ್ನು ಸೇರಿತು. ೬೯ನೆಯ ವಯಸ್ಸಿನಲ್ಲಿ, ಹುಡುಗನಾಗಿದ್ದಾಗ ಮಾಡಿದ ಕೆಲಸಕ್ಕಾಗಿ ಒಬ್ಬ ಮನುಷ್ಯನು ಪ್ರಸಿದ್ಧನಾಗುವುದು ವಿಚಿತ್ರವೇ ಸರಿ. ೧೯೭೦ರಲ್ಲಿ ರಿಚರ್ಡ್ ಆವೆಡಾನನು ಅವನ ಚಿತ್ರಗಳ ಒಂದು ಪುಸ್ತಕವನ್ನು ಸಿದ್ಧಪಡಿಸಿದನು. ಕೆಟ್ಟುಹೋಯಿತೆಂದು ಬದಿಗಿಟ್ಟಿದ್ದ ಪ್ಲೇಟೂ ಲೋಕವನ್ನೆಲ್ಲ ಸುತ್ತಿತು. ಅದರ ಕೆಳಗೆ ಹೀಗೆ ಒಕ್ಕಣೆ: ೧೯೧೨, ದಿಯೆಪ್ ಪಟ್ಟಣದ ಗ್ರಾಂ ಪ್ರೀ ಪಂದ್ಯ, ಡೆಲಾಜ್ ಮೋಟಾರು.

ಮೋಟಾರು ಪಂದ್ಯಗಳ ಚರಿತ್ರೆಯನ್ನು ಬಲ್ಲವರಿಗೆ ಈ ಒಕ್ಕಣೆ ಸರಿಕಾಣಲಿಲ್ಲ. ದಿಯೆಪ್ಪಿನ ಪಂದ್ಯ ೧೯೧೨ರ ಜೂನ್ ೨೫ ಮತ್ತು ೨೬ರಂದು ನಡೆಯಿತು. ಆದರೆ ಆ ವರ್ಷ ಡೆಲಾಜ್ ಕಂಪೆನಿಯು ಪಂದ್ಯಕ್ಕೆ ಗಾಡಿಯನ್ನೇ ಕಳುಹಿಸಿರಲಿಲ್ಲ. ಕಳುಹಿಸಿದುದು ಮರುವರ್ಷ, ಅಮಿಯಾಂ ಪಟ್ಟಣದ ಪಂದ್ಯಕ್ಕೆ. ಹಾಗಾದರೆ ಇಸವಿ ಮಾತ್ರ ತಪ್ಪಿ ಮೋಟಾರಿನ ಹೆಸರು ಸರಿಯಿರಬಹುದೇ? ಅದೂ ಇಲ್ಲ. ಅಮಿಯಾಂ ಪಂದ್ಯದ ಪಟ್ಟಿಯಲ್ಲಿ ೬ನೆಯ ನಂಬರು ಇದ್ದುದು ಬೆಸಾನ್ಸೋಂ ಊರಿನ ತಿಯೊಡೋರ್ ಷ್ನೈಡರ್ ಕಂಪೆನಿಯ ಗಾಡಿಗೆ, ನಡೆಸಿದವನು ಕ್ರೊಕೆ. ಹೀಗಾಗಿ ಚಿತ್ರದ ತೇದಿ ೧೯೧೩ರ ಜುಲೈ ೧೨ ಎಂದಾಯಿತು. ಊರು ತಪ್ಪು, ವರ್ಷ ತಪ್ಪು, ಮೋಟಾರೂ ತಪ್ಪು. ಲಾರ್ತೀಗನಿಗೆ ಆ ದಿನ ೧೯ ತುಂಬಿ ಒಂದು ತಿಂಗಳು.

ಮರೆವಿಗೆ ಹೆದರಿ ಎಲ್ಲವನ್ನೂ ಬರೆದಿಟ್ಟವನು ತನ್ನ ಅತ್ಯಂತ ಹೆಸರಾದ ಚಿತ್ರದಲ್ಲೇ ಎಡವಿದುದಕ್ಕೆ ನಾನಂತೂ ಅವನನ್ನು ದೂರಲಾರೆ. ಎರಡು ಊರುಗಳೂ ಉತ್ತರ ಫ್ರಾನ್ಸಿನವು, ಎರಡು ಪಂದ್ಯಗಳೂ ಬೇಸಗೆಯವು. ಎರಡನ್ನೂ ಗೆದ್ದವನು ಪ್ಯೂಜೋ ಗಾಡಿಯ ಬ್ವಾಯೊ. ಐವತ್ತು ವರ್ಷಗಳ ಮೇಲೆ ಎರಡು ಬೇಸಗೆಗಳು ತಲೆಯಲ್ಲಿ ಒಂದಾಗಿ ಬೆರೆತರೆ ಆಶ್ಚರ್ಯವೇನು?

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇದು ದಿನಬೆಳಗಾದರೆ ಕಾಣುವ ಸಂಗತಿ. ಟ್ರಂಕಿನ ತಳದಲ್ಲಿ ಒಂದು ಫೋಟೋ; ಯಾರದೋ ಮೋಟಾರಿಗೆ ಒರಗಿ ರುಮಾಲು ಸುತ್ತಿದ ಅಜ್ಜ ನಿಂತಿರುತ್ತಾರೆ; ಹಿಂದೆ ಏನೂ ಬರೆದಿರುವುದಿಲ್ಲ. ದೊಡ್ಡಪ್ಪ ಒಂದು ಇಸವಿ ಹೇಳಿದರೆ ಸೋದರತ್ತೆ ಇನ್ನೊಂದು ಹೇಳುತ್ತಾರೆ. ಅಂಥಲ್ಲಿ ಅಜ್ಜನ ಮುಖವನ್ನು ಬಿಟ್ಟು ಮೋಟಾರನ್ನು ನೋಡಬೇಕು. ಫೋರ್ಡ್ ಕಂಪೆನಿಯ ಟಿ ಮಾದರಿ ೧೯೦೮ರಲ್ಲಿ ಹೊರಟಿತು. ಅದರ ರೇಡಿಯೇಟರು ೧೯೧೬ರ ಗಾಡಿಗಳವರೆಗೆ ಹೊಳೆಯುವ ಹಿತ್ತಾಳೆ, ೧೯೧೭ರ ಗಾಡಿಗಳಿಂದ ಕಪ್ಪು. ವಿದ್ಯುತ್ತಿನಿಂದ ಎಂಜಿನು ಚಾಲೂ ಮಾಡುವ ಏರ್ಪಾಡನ್ನು ಕ್ಯಾಡಿಲಾಕ್ ತಂದುದು ೧೯೧೨ರ ಗಾಡಿಗಳಲ್ಲಿ. ಮುಂದಿನ ಚಕ್ರಗಳಲ್ಲಿ ಬ್ರೇಕಿನ ಡ್ರಮ್ಮು ಕಂಡರೆ, ಅದು ೧೯೧೪ರ ಲಿಯೋಂ ಪಂದ್ಯದಲ್ಲಿ ಕೆಲವು ಗಾಡಿಗಳಿಗಿದ್ದರೂ, ಸಾಮಾನ್ಯರ ಮೋಟಾರುಗಳಿಗೆ ಬಂದುದು ೧೯೨೦ರ ಮೇಲೆಯೇ. ಇಲ್ಲೊಂದು ಎಚ್ಚರ ಬೇಕು. ನೋಟಿನ ಮೇಲೆ ಯಾವ ಗವರ್ನರರ ರುಜು ಇದೆಯೋ ಅವರು ಅಧಿಕಾರಕ್ಕೆ ಬರುವ ಮೊದಲು ಆ ನೋಟು ಇರಲು ಸಾಧ್ಯವಿಲ್ಲ. ಆದರೆ ಅವರು ಹೋಗಿ ಎಷ್ಟೋ ವರ್ಷಗಳಾದರೂ ಅದು ಕೈಯಿಂದ ಕೈಗೆ ಓಡಾಡುತ್ತಿರಬಹುದು. ಮೋಟಾರೂ ಹಾಗೆಯೇ. ಅದರ ಅತ್ಯಂತ ಹೊಸ ಭಾಗವು ಫೋಟೋ ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂದು ಹೇಳುತ್ತದೆ, ಅಷ್ಟೆ. ಹಿತ್ತಾಳೆಯ ರೇಡಿಯೇಟರಿನ ಗಾಡಿಯನ್ನು ೧೯೩೦ರಲ್ಲೂ ಓಡಿಸುವವರಿದ್ದರು. ಪಂದ್ಯದ ಗಾಡಿಗೆ ಮಾತ್ರ ಆ ತೊಡಕಿಲ್ಲ, ಅದರ ನಂಬರು ಆ ಒಂದು ಪಂದ್ಯದ್ದು.

ಲಾರ್ತೀಗನು ಮುಪ್ಪಿನಲ್ಲೂ ಕೈಕಟ್ಟಿ ಕೂರಲಿಲ್ಲ. ಹಳೆಯ ಆಲ್ಬಮ್ಮುಗಳನ್ನು ಬಿಚ್ಚಿ ಹೊಸದಾಗಿ ಜೋಡಿಸಿದನು. ೧೯೭೪ರಲ್ಲಿ ಫ್ರಾನ್ಸಿನ ಅಧ್ಯಕ್ಷ ಜಿಸ್ಕಾರ್ ದೆಸ್ತಾಂ ತನ್ನ ಅಧಿಕೃತ ಭಾವಚಿತ್ರವನ್ನು ಇವನಿಂದಲೇ ತೆಗೆಸಿಕೊಂಡನು. ೧೯೭೯ರಲ್ಲಿ ತನ್ನ ಪ್ಲೇಟು, ಆಲ್ಬಮ್, ದಿನಚರಿಗಳನ್ನೆಲ್ಲ ಲಾರ್ತೀಗನು ಫ್ರೆಂಚ್ ಸರ್ಕಾರಕ್ಕೆ ದಾನವಾಗಿ ಕೊಟ್ಟನು. ೧೯೮೬ರ ಸೆಪ್ಟೆಂಬರ್ ೧೨ರಂದು, ೯೨ನೆಯ ವಯಸ್ಸಿನಲ್ಲಿ, ನೀಸ್ ಪಟ್ಟಣದಲ್ಲಿ ತೀರಿಕೊಂಡನು.

ಚಿತ್ರವನ್ನು ಇಂದಿಗೂ ಕೆಲವರು ದಿಯೆಪ್, ೧೯೧೨ ಎಂದೇ ಅಚ್ಚುಹಾಕುತ್ತಾರೆ. ಎಲ್ಲಿಯಾದರೂ ಕಂಡರೆ ಓದುಗರು ಒಕ್ಕಣೆಯನ್ನು ಬಿಟ್ಟು ಮೊದಲು ಗಾಡಿಯ ಮೇಲಿನ ಅಂಕೆಯನ್ನು ಓದಿಕೊಳ್ಳಲಿ.