ಸಮುವೇಲ್ ಹೇಬಿಖ್ ಅಯ್ಯನವರೂ ಹೃದಯದೊಳಗಿನ ನವಿಲೂ

ಮಳೆಗಾಲದ ಸಂಜೆಗಳಲ್ಲಿ ಕುಂಬಾರವಾಡದ ಸುತ್ತಲಿನ ಕಾಡುದಾರಿಗಳನ್ನು ನಡೆದು ಮನೆಮನೆಗೆ ಪ್ರಾರ್ಥನೆಗೆ ಹೋಗುವಾಗ ಜನರು ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆಯು ಸೈತಾನನ ವಿಷಯವಾದದ್ದೇ. ಅವನು ಎಲ್ಲಿರುತ್ತಾನೆ? ಹಳ್ಳದ ದಡದಲ್ಲಿಯೋ, ಹಳೇ ಮರದಲ್ಲಿಯೋ, ನಮಗೆ ಕೇಡು ಬಯಸುವ ನೆರೆಯವನ ಕಣ್ಣಿನಲ್ಲಿಯೋ? ದೀಕ್ಷಾಸ್ನಾನವನ್ನು ಹೊಂದಿ ಬಹು ವರುಷಗಳಾದವರಲ್ಲಿಯೂ ಈ ಭಯವು ಪೂರಾ ಬಿಟ್ಟುಹೋಗಿಲ್ಲ. ಇದಕ್ಕೆ ಉತ್ತರವನ್ನು ಒಬ್ಬ ದೇವಸೇವಕನ ಜೀವಿತದ ಮೂಲಕ ಹೇಳಬೇಕೆಂದು ನಮಗೆ ತೋರಿತು. ಯಾಕಂದರೆ ಸೈತಾನನನ್ನು ಎಲ್ಲಿ ಹುಡುಕಬೇಕೆಂಬದನ್ನು ಆ ಸೇವಕನು ಒಂದು ಚಿತ್ರದ ಪುಸ್ತಕವನ್ನು ಕೈಯಲ್ಲಿ ಹಿಡಿದು ಪ್ರಾಯಶಃ ಆಯುಸ್ಸಿನ ಕೊನೇ ತನಕ ತೋರಿಸುತ್ತಾ ನಡೆದನು.

ಮೊದಲು ಸೈತಾನನು ಬಿದ್ದುಹೋದ ಸಂಗತಿಯನ್ನು ಜ್ಞಾಪಕಕ್ಕೆ ತಂದುಕೊಳ್ಳೋಣ. ದೇವರು ಉಂಟುಮಾಡಿದ್ದೆಲ್ಲವೂ ಒಳ್ಳೇದಾಗಿತ್ತು; ದೇವದೂತರಲ್ಲಿ ಒಬ್ಬನೂ ಕೆಟ್ಟವನಾಗಿ ಉಂಟುಮಾಡಲ್ಪಡಲಿಲ್ಲ. ಆದರೂ ಅವರಲ್ಲಿ ಕೆಲವರು ತಮಗೆ ಕೊಟ್ಟ ಸ್ಥಾನದಲ್ಲಿ ನಿಲ್ಲದೆ ಪಾಪಕ್ಕೆ ಬಿದ್ದರೆಂದು ಯೂದನ ಪತ್ರಿಕೆಯೂ ಪೇತ್ರನ ಎರಡನೆಯ ಪತ್ರಿಕೆಯೂ ಬೋಧಿಸುತ್ತವೆ. ಯೆಶಾಯನ 14ನೇ ಅಧ್ಯಾಯದಲ್ಲಿ ಬಾಬೆಲಿನ ಅರಸನನ್ನು ಕುರಿತೂ ಯೆಹೆಜ್ಕೇಲನ 28ನೇ ಅಧ್ಯಾಯದಲ್ಲಿ ತೂರಿನ ಅರಸನನ್ನು ಕುರಿತೂ ಬರೆದ ಮಾತುಗಳನ್ನು ಪೂರ್ವಕಾಲದ ಸಭಾಪಿತೃಗಳು ಸೈತಾನನ ಪತನಕ್ಕೂ ಅನ್ವಯಿಸಿದರು. ಮೇಲಕ್ಕೆ ಏರಿ ದೇವರಿಗೆ ಸಮಾನನಾಗಬೇಕೆಂದು ಆಶಿಸಿದವನು ಕೆಳಕ್ಕೆ ಬಿದ್ದನೆಂಬದೇ ಅದರ ಸಾರ. ಪೌಲನು ಸಹ ತಿಮೊಥೆಯನಿಗೆ ಬರೆಯುವಾಗ, ಹೊಸದಾಗಿ ಸಭೆಗೆ ಸೇರಿದವನನ್ನು ಅಧ್ಯಕ್ಷನಾಗಿ ನೇಮಿಸಬಾರದು, ಅವನು ಉಬ್ಬಿಕೊಂಡು ಸೈತಾನನಿಗೆ ಬಂದ ಶಿಕ್ಷೆಗೆ ಗುರಿಯಾದಾನು ಎಂದು ಎಚ್ಚರಿಸಿದನು. ಸೈತಾನನು ಕಳ್ಳತನದಿಂದಲಾಗಲಿ ಕುಡಿತದಿಂದಲಾಗಲಿ ಬೀಳಲಿಲ್ಲ, ಗರ್ವದಿಂದ ಬಿದ್ದನು. ಹೀಗಿರಲಾಗಿ, ಕಳ್ಳತನವನ್ನೂ ಕುಡಿತವನ್ನೂ ಬಿಟ್ಟ ನಾವು ಅಪಾಯವನ್ನು ದಾಟಿದೆವೆಂದು ಹೇಳಿಕೊಳ್ಳುವದು ಹೇಗೆ?

ನಾವು ಹೇಳಬೇಕೆಂದಿರುವ ಸೇವಕನ ಹೆಸರು ಸಮುವೇಲ್ ಹೇಬಿಖ್. ಅವರು 1803ನೇ ಇಸವಿಯ ಏಪ್ರಿಲ್ 29ರಂದು ಜರ್ಮನಿ ದೇಶದ ವ್ಯೂರ್ಟೆಂಬೆರ್ಗ್ ಸೀಮೆಯಲ್ಲಿ, ಉಲ್ಮ್ ಪಟ್ಟಣಕ್ಕೆ ಸಮೀಪವಾದ ನೆಲ್ಲಿಂಗೆನ್ ಎಂಬ ಊರಲ್ಲಿ ಹುಟ್ಟಿದರು. ತಂದೆಯವರು ಸಭಾಪಾಲಕರಾಗಿದ್ದರು. ಆದರೆ ಪಾಲಕನ ಮಗನಾದ ಮಾತ್ರಕ್ಕೆ ಯಾರೂ ದೇವರ ಮಗನಾಗುವದಿಲ್ಲ. ಹುಡುಗನು ಚಿಕ್ಕವನಾಗಿರುವಾಗಲೇ ಉತ್ತರದಲ್ಲಿರುವ ಲ್ಯೂಬೆಕ್ ಎಂಬ ರೇವುಪಟ್ಟಣಕ್ಕೆ ಹೋಗಿ ವ್ಯಾಪಾರವನ್ನು ಕಲಿತನು. ಅಲ್ಲಿ 1821ರಲ್ಲಿ, 18 ವರುಷದ ಯೌವನಸ್ಥನಾಗಿದ್ದಾಗ, ತನ್ನ ಪಾಪದ ಭಾರವನ್ನು ಕಂಡು ಬಹಳ ನೊಂದು ಕ್ರಿಸ್ತನಲ್ಲಿ ಸಮಾಧಾನವನ್ನು ಹೊಂದಿದನು. ಆಮೇಲೆಯೂ ಕೆಲವು ವರುಷ ವ್ಯಾಪಾರದ ಕೆಲಸದಲ್ಲಿಯೇ ಇದ್ದು, 1831ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಶಾಲೆಗೆ ಸೇರಿದನು.

ಅದುವರೆಗೆ ಕಂಪೆನಿ ಸರಕಾರವು ಆಂಗ್ಲರಲ್ಲದ ಮಿಶನರಿಗಳಿಗೆ ಈ ದೇಶದಲ್ಲಿ ನೆಲೆಸುವದಕ್ಕೆ ಸುಲಭವಾಗಿ ಎಡೆಕೊಡುತ್ತಿರಲಿಲ್ಲ. 1833ರ ಕಾನೂನಿನಿಂದ ಆ ಬಾಗಿಲು ತೆರೆಯಿತು. ಮರುವರುಷವೇ ಬಾಸೆಲ್ ಮಿಶನಿನವರು ತಮ್ಮ ಮೊದಲಿನ ಮೂವರನ್ನು ಇಲ್ಲಿಗೆ ಕಳುಹಿಸಿದರು. ಅವರು ಹೇಬಿಖ್, ಲೇನರ್, ಗ್ರೈನರ್ ಎಂಬ ಅಯ್ಯನವರು. 1834ರ ಅಕ್ಟೋಬರ್ 14ರಂದು ಕಲ್ಲಿಕೋಟೆಯಲ್ಲಿ ಇಳಿದು, 30ರಂದು ಮಂಗಳೂರನ್ನು ಮುಟ್ಟಿದರು. ಅಲ್ಲಿ ಕನ್ನಡವನ್ನು ಕಲಿತು ಶಾಲೆಯನ್ನು ತೆರೆದು ಬೀದಿಗಳಲ್ಲಿ ಬೋಧಿಸಿದರು. ಅಲ್ಲಿಂದಲೇ ಈ ಸೇವೆಯು ಘಟ್ಟವನ್ನು ಹತ್ತಿ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ, ಅಂದರೆ ನಮ್ಮ ಹಳಿಯಾಳ ಸೀಮೆಯ ನೆರೆಗೆ, ಬಂದಿತು. ಆದಕಾರಣ ಹೇಬಿಖ್ ಅಯ್ಯನವರ ಚರಿತ್ರೆಯು ನಮಗೆ ದೂರದವರ ಚರಿತ್ರೆಯಲ್ಲ.

ಅವರು ಮಂಗಳೂರಿನಲ್ಲಿ ಆರು ವರುಷಕ್ಕಿಂತ ಹೆಚ್ಚು ಕಾಲ ಸೇವೆಮಾಡಿ, 1841ರಲ್ಲಿ ದಕ್ಷಿಣಕ್ಕೆ, ಮಲೆಯಾಳ ಸೀಮೆಯ ಕಣ್ಣೂರಿಗೆ ಹೋದರು. ಅದು ಕಂಪೆನಿಯ ದೊಡ್ಡ ದಂಡಿನ ಸ್ಥಳವಾಗಿತ್ತು. ಅಯ್ಯನವರು ಮದುವೆಯಾಗದೆ, ಉದ್ದವಾದ ಗಡ್ಡವನ್ನು ಬಿಟ್ಟು, ದೊಡ್ಡ ಕೊಡೆಯನ್ನು ಹಿಡಿದು ನಡೆಯುತ್ತಿದ್ದರು. ಅವರನ್ನು ಒಂದು ಸಾರಿ ನೋಡಿದವರು ಮರೆಯುತ್ತಿರಲಿಲ್ಲ. ಮಲೆಯಾಳ ಭಾಷೆಯು ಅವರ ನಾಲಿಗೆಗೆ ಒಲಿಯಲಿಲ್ಲ. ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬೋಧಿಸಬೇಕಾಯಿತು. ಇಂಗ್ಲಿಷನ್ನು ಆಡಿದರೂ ಅದು ಮುರುಕು ಮುರುಕಾಗಿತ್ತು. ನಾಲಿಗೆಯ ಬಲವನ್ನು ನೋಡಿ ಬೋಧಕರನ್ನು ಆರಿಸುವದಾದರೆ ಇವರನ್ನು ಯಾರೂ ಆರಿಸುತ್ತಿರಲಿಲ್ಲ.

ಭಾಷೆಯ ಈ ಕೊರತೆಯನ್ನು ತುಂಬುವಂತೆ ಅವರ ಕೈಯಲ್ಲಿ ಒಂದು ಪುಸ್ತಕವಿತ್ತು. ಗೊಸ್ನರ್ ಎಂಬ ಜರ್ಮನ್ ಬೋಧಕರು 1812ರಲ್ಲಿ ಹೊರಡಿಸಿದ ಹೃದಯದ ಪುಸ್ತಕವೇ ಅದು. ಅದರಲ್ಲಿ ಹತ್ತು ಚಿತ್ರಗಳುಂಟು. ಮೊದಲನೆಯದರಲ್ಲಿ ಪಾಪಿಯ ಹೃದಯವನ್ನು ಬರೆದು, ನಡುವೆ ಸೈತಾನನನ್ನು ಯಜಮಾನನಂತೆ ಇಟ್ಟು, ಸುತ್ತಲೂ ಮೃಗಗಳನ್ನು ಕಾಣಿಸಿದ್ದಾರೆ. ಹೊಟ್ಟೆಬಾಕತನಕ್ಕೆ ಹಂದಿ, ಸೋಮಾರಿತನಕ್ಕೆ ಆಮೆ, ಹೊಟ್ಟೆಕಿಚ್ಚಿಗೆ ಹಾವು, ದುರಾಶೆಗೆ ಕಪ್ಪೆ; ಗರ್ವಕ್ಕೆ ಗರಿಗೆದರಿದ ನವಿಲು. ಮುಂದಿನ ಚಿತ್ರಗಳಲ್ಲಿ ಪಾಪಿಯು ಪಶ್ಚಾತ್ತಾಪ ಪಡುತ್ತಲೇ ಮೃಗಗಳು ಹೊರಟುಹೋಗುತ್ತವೆ, ಪವಿತ್ರಾತ್ಮನು ಒಳಗೆ ವಾಸಮಾಡುತ್ತಾನೆ. ಆದರೆ ಪುಸ್ತಕವು ಅಲ್ಲಿಗೆ ಮುಗಿಯುವದಿಲ್ಲ. ಹೊರಗೆ ಹೋದ ಮೃಗಗಳು ತಿರಿಗಿ ಬಾಗಿಲ ಹತ್ತಿರ ಸುಳಿಯುವದನ್ನೂ, ಎಚ್ಚರದಪ್ಪಿದವನ ಹೃದಯಕ್ಕೆ ಸೈತಾನನು ತನಗಿಂತ ಕೆಟ್ಟ ಏಳು ಆತ್ಮಗಳನ್ನು ಕರಕೊಂಡು ಬರುವದನ್ನೂ ಅದು ತೋರಿಸುತ್ತದೆ.

ಅಯ್ಯನವರು ಈ ಚಿತ್ರಗಳನ್ನು ಎತ್ತಿ ಹಿಡಿದು, ಓದುಬಾರದವರಿಗೂ ಓದಿದವರಿಗೂ ಒಂದೇ ರೀತಿಯಾಗಿ ಬೋಧಿಸುತ್ತಿದ್ದರು. ಕಣ್ಣೂರಿನ ಅಧಿಕಾರಿಗಳು ಮೊದಲು ನಕ್ಕರು. ಹುದ್ದೆಯೂ ಕುಲವೂ ಉಳ್ಳ ತಮ್ಮಂಥವರ ಹೃದಯದಲ್ಲಿ ಹಂದಿಯೂ ನವಿಲೂ ಇವೆಯೆಂದು ಒಬ್ಬ ಪರದೇಶಿಯು ಮುರುಕು ಮಾತಿನಲ್ಲಿ ಹೇಳುವದನ್ನು ಅವರು ಹೇಗೆ ಸಹಿಸಾರು? ಆದಾಗ್ಯೂ ಅಯ್ಯನವರು ಬಿಡಲಿಲ್ಲ. ಒಂದು ದಿನ ಬಿಸಿಲು ಹೊತ್ತಿನಲ್ಲಿ ಅವರು ಒಬ್ಬ ಅಧಿಕಾರಿಯ ಬಂಗಲೆಗೆ ಕರೆಯದೆಯೇ ಹೋಗಿ, ಸತ್ಯವೇದವನ್ನು ತರಿಸಿ, ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ಅವನ ಬಾಯಿಂದಲೇ ಓದಿಸಿದರು. ಭೂಮಿಯು ಕ್ರಮವಿಲ್ಲದೆ ಬರಿದಾಗಿಯೂ ಕತ್ತಲೆಯಿಂದ ಮುಚ್ಚಿಯೂ ಇತ್ತೆಂಬ ಮಾತು ಬಂದಾಗ ನಿಲ್ಲಿಸಿ, ಅದು ಅವನ ಹೃದಯದ ಸ್ಥಿತಿಯೆಂದು ತಿಳಿಸಿ, ಪ್ರಾರ್ಥಿಸಿ, ಹೊರಟುಹೋದರು. ತಿರಿಗಿ ಬಂದು ಬೆಳಕಿನ ವಚನದವರೆಗೆ ನಡಿಸಿದರು. ಆ ಅಧಿಕಾರಿಯ ಗರ್ವವು ಮುರಿದು ಅವನು ಮೊಣಕಾಲೂರಿದನು. ಹೀಗೆ ಕಾಲಕ್ರಮದಲ್ಲಿ ಅನೇಕ ಅಧಿಕಾರಿಗಳೂ ಸಿಪಾಯಿಗಳೂ ತಿರುಗಿಕೊಂಡರು. ಒಂದು ದಂಡಿಗೆ ಜನರು ಹಾಸ್ಯವಾಗಿ ಹೇಬಿಖನ ದಂಡೆಂದೇ ಹೆಸರಿಟ್ಟರು.

ಅಧಿಕಾರಿಗಳು ಕೇಳಿದ ಸುವಾರ್ತೆಯನ್ನೇ ಅವರು ಊರಿನ ಬಡವರಿಗೂ ಹೊಲದ ಆಳುಗಳಿಗೂ ಹೇಳಿದರು. ಪ್ರತಿ ವರುಷವೂ ತಳಿಪರಂಬ, ಪಯ್ಯಾವೂರು ಮೊದಲಾದ ಕಡೆಗಳ ಜಾತ್ರೆಗಳಿಗೆ ತಮ್ಮ ಉಪದೇಶಿಗಳೊಂದಿಗೆ ಹೋಗಿ, ಗುಂಪಿನ ನಡುವೆ ನಿಂತು ಬೋಧಿಸುತ್ತಿದ್ದರು. ಅಲ್ಲಿ ಅವರ ಮೇಲೆ ಮಣ್ಣೂ ಕಲ್ಲೂ ಬಿದ್ದದ್ದುಂಟು. ಈ ಸಂಗತಿಯನ್ನು ಓದುವಾಗ ನಾವು ಎಚ್ಚರವಾಗಿರತಕ್ಕದ್ದು. ಕಲ್ಲೆಸೆದವರು ಸೈತಾನನ ಮಕ್ಕಳು, ನಾವಾದರೋ ದೇವರ ಮಕ್ಕಳು ಎಂದು ಉಬ್ಬಿಕೊಂಡರೆ ನವಿಲು ಆಗಲೇ ಒಳಗೆ ಬಂದಾಯಿತು. ತಮ್ಮ ಹಬ್ಬದ ನಡುವೆ ಪರದೇಶಿಯೊಬ್ಬನು ಬಂದು ತಮ್ಮ ಭಕ್ತಿಯನ್ನು ಖಂಡಿಸುವಾಗ ಅವರ ಮನಸ್ಸು ನೊಂದದ್ದು ಆಶ್ಚರ್ಯವಲ್ಲ. ಹೊಡೆಯುವದು ತಪ್ಪೇ, ಆದರೆ ನಮ್ಮ ಹೋರಾಟವು ರಕ್ತಮಾಂಸವುಳ್ಳವರ ಸಂಗಡ ಅಲ್ಲವೆಂದು ಎಫೆಸದವರ ಪತ್ರಿಕೆಯಲ್ಲಿ ಕಲಿತಿದ್ದೇವಲ್ಲವೇ? ನೆರೆಯವನು ನಮ್ಮ ವೈರಿಯಲ್ಲ. ಅವನ ಹೃದಯವೂ ನಮ್ಮ ಹೃದಯವೂ ಆ ಯುದ್ಧದ ಬಯಲುಗಳೇ.

ಅಯ್ಯನವರ ಸ್ವಂತ ಹೃದಯದಲ್ಲಿ ನವಿಲು ಇರಲಿಲ್ಲವೋ ಎಂದು ನೀವು ಕೇಳಬಹುದು. ಇತ್ತು. ಅವರು ಹಟವುಳ್ಳವರೂ ತಮ್ಮ ಮಾತೇ ನಡೆಯಬೇಕೆನ್ನುವವರೂ ಆಗಿದ್ದರು. ಇದರಿಂದ ಜೊತೆಗೆಲಸದ ಸಹೋದರರಿಗೆ ಹಲವು ಸಾರಿ ನೋವಾಯಿತು. ಕ್ರಿಸ್ತನಿಗಾಗಿ ಕಲ್ಲೇಟನ್ನು ತಾಳಿಕೊಂಡವರಿಗೆ ಸಹೋದರನ ಎದುರುಮಾತನ್ನು ತಾಳಿಕೊಳ್ಳುವದು ಕಷ್ಟವಾಯಿತು. ನಾವು ಇದನ್ನು ಅವರನ್ನು ತಗ್ಗಿಸುವದಕ್ಕಾಗಿ ಬರೆಯುವದಿಲ್ಲ. ಇತರ ಮೃಗಗಳು ಹೊರಟುಹೋದ ಮೇಲೆ ನವಿಲು ಹಿಂದೆ ಉಳಿಯುತ್ತದೆ. ದೇವರ ಸೇವೆಯನ್ನೇ ಮೇವಾಗಿ ತಿಂದು ಕೊಬ್ಬುತ್ತದೆ. ಇದು ಶ್ರೇಷ್ಠ ಸೇವಕರಿಗೂ ತಪ್ಪಲಿಲ್ಲವೆಂದು ನಾವು ತಿಳಿಯತಕ್ಕದ್ದು. ಹೇಬಿಖ್ ಅಯ್ಯನವರು ಇತರರ ಮುಂದೆ ಎತ್ತಿ ಹಿಡಿದ ಚಿತ್ರವು ಅವರಿಗೂ ಕನ್ನಡಿಯಾಗಿತ್ತು.

1859ರಲ್ಲಿ ದೇಹವು ಸೋತು ಅವರು ಸ್ವದೇಶಕ್ಕೆ ಹಿಂದಿರುಗಬೇಕಾಯಿತು. 25 ವರುಷ ದುಡಿದ ಈ ದೇಶವನ್ನು ತಿರಿಗಿ ಕಾಣಲಿಲ್ಲ. ಜರ್ಮನಿಯಲ್ಲಿಯೂ ಸ್ವಿಟ್ಜರ್ಲೆಂಡಿನಲ್ಲಿಯೂ ಊರೂರು ತಿರುಗಿ, ಕ್ರೈಸ್ತರೆಂದು ಹೆಸರಿದ್ದವರಿಗೂ ಪಶ್ಚಾತ್ತಾಪವನ್ನೇ ಸಾರಿದರು. ಕೆಲವರು ಅತ್ತರು, ಕೆಲವರು ಅಪಹಾಸ್ಯ ಮಾಡಿದರು. 1868ರ ಮೇ 21ರಂದು ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ, 65 ವರುಷದವರಾಗಿ, ಕರ್ತನಲ್ಲಿ ನಿದ್ರೆಹೋದರು. ಜೊತೆಗೆಲಸದವರಾಗಿದ್ದ ಗುಂಡರ್ಟ್, ಮೋಗ್ಲಿಂಗ್ ಅಯ್ಯನವರು 1872ರಲ್ಲಿ ಅವರ ಜೀವಿತದ ಚರಿತ್ರೆಯನ್ನು ಪ್ರಕಟಿಸಿದರು.

ಈಗ ನಮ್ಮ ಸಭೆಗಳ ಕಡೆಗೆ ನೋಡೋಣ. ಮೊದಲು ನಮ್ಮ ತಪ್ಪನ್ನೇ ಅರಿಕೆಮಾಡುತ್ತೇವೆ. ಒಂದು ಸಂಜೆ ಅಕ್ಷರ ಬಾರದ ಒಬ್ಬ ಮುದುಕಿಯು ಕೂಟದಲ್ಲಿ ಪ್ರಾರ್ಥಿಸುತ್ತಿರಲಾಗಿ, ಸೆಮಿನರಿಯಲ್ಲಿ ಕಲಿತ ನಾವು ಕಣ್ಣುಮುಚ್ಚಿಕೊಂಡು ಆಕೆಯ ಮಾತಿನ ತಪ್ಪುಗಳನ್ನು ಎಣಿಸುತ್ತಾ ಇದ್ದೆವು. ಆಕೆಯು ಆಮೆನ್ ಎಂದಾಗ, ಆಕೆ ದೇವರ ಸಂಗಡ ಇದ್ದಳು, ನಾವಾದರೋ ಬೇರೆಲ್ಲಿಯೋ ಇದ್ದೆವು. ಆ ರಾತ್ರಿ ದೀಪವಾರಿಸಿದ ಮೇಲೆ ಹೃದಯದ ಪುಸ್ತಕದ ನವಿಲು ನಮ್ಮ ನೆನಪಿಗೆ ಬಂತು. ಹಳ್ಳದ ದಡದಲ್ಲಿ ಸೈತಾನನಿಲ್ಲ, ಹೆದರಬೇಡಿರಿ ಎಂದು ಜನರಿಗೆ ಕಲಿಸುತ್ತಿದ್ದ ನಾವು, ಅವನು ಪ್ರಾರ್ಥನೆಯ ಚಾಪೆಯ ಮೇಲೆ ನಮ್ಮ ಪಕ್ಕದಲ್ಲಿಯೇ ಕೂತದ್ದನ್ನು ಕಾಣದೆಹೋದೆವು.

ನಿಮ್ಮಲ್ಲಿಯೂ ನೋಡಿಕೊಳ್ಳಿರಿ. ತಾನು ಮೊದಲು ದೀಕ್ಷಾಸ್ನಾನ ಹೊಂದಿದವನು, ಆದಕಾರಣ ಮುಂದೆ ಕೂಡ್ರಬೇಕು ಎನ್ನುವವನುಂಟು. ಪೂರ್ವದಲ್ಲಿ ತಮ್ಮದು ಮೇಲಿನ ಜಾತಿಯಾಗಿತ್ತೆಂದು ಬಾಯಿಂದ ಹೇಳದೆ, ಪ್ರೀತಿಭೋಜನದಲ್ಲಿ ಸ್ವಲ್ಪ ಸರಿದು ಕೂಡ್ರುವವರುಂಟು. ತಪ್ಪು ಮಾಡಿದವನು ಕ್ಷಮೆ ಬೇಡಲು ಬಂದಾಗ ಬಾಗಿಲಲ್ಲಿಯೇ ನಿಲ್ಲಿಸುವವರುಂಟು. ನಮ್ಮ ಜೋಯಿಡಾ ಸೀಮೆಯಲ್ಲಿ ಗೆಡ್ಡೆ ಬೆಳೆಯುವವರು ಇದನ್ನು ಬಲ್ಲರು. ಮೇಲಿನ ಎಲೆ ಒಣಗಿದರೂ ಗೆಡ್ಡೆಯು ಮಣ್ಣಿನೊಳಗೆ ಜೀವದಿಂದ ಇರುತ್ತದೆ, ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ಗರ್ವವೂ ಹಾಗೆಯೇ. ಅದನ್ನು ಅಗೆದು ತೆಗೆಯಬೇಕು, ಅಗೆಯುವದಕ್ಕೆ ಮೊಣಕಾಲೂರಿ ಬಗ್ಗಬೇಕು.

ಆದರೂ ಧೈರ್ಯವಾಗಿರ್ರಿ. ಬಿದ್ದ ದೂತನು ಏರಿಹೋಗುವದಕ್ಕೆ ನೋಡಿದನು. ನಮ್ಮ ರಕ್ಷಕನಾದರೋ ತನ್ನ ಮಹಿಮೆಯನ್ನು ಬಿಟ್ಟು ದಾಸನ ರೂಪದಲ್ಲಿ ಇಳಿದು ಬಂದು, ಶಿಷ್ಯರ ಕಾಲುಗಳನ್ನು ತೊಳೆದನು. ಇಳಿದು ಬಂದ ಈತನ ಮುಂದೆ ಏರಿದವನು ಸೋತುಹೋದನು. ಆದಕಾರಣ ಸೈತಾನನನ್ನು ಓಡಿಸುವದಕ್ಕೆ ತಾಯಿತವೂ ಬೇಡ, ಬಾಗಿಲಿಗೆ ಕಟ್ಟುವ ಕಟ್ಟೂ ಬೇಡ. ಯಾಕೋಬನು ಹೇಳುವ ಪ್ರಕಾರ ದೇವರಿಗೆ ಒಳಗಾಗಿ ಅವನನ್ನು ಎದುರಿಸಿದರೆ ಅವನೇ ಓಡಿಹೋಗುವನು. ನಮ್ಮ ಊರಿನ ಹೆಸರಿನಲ್ಲಿಯೇ ಕುಂಬಾರನಿದ್ದಾನೆ. ತಿಗರಿಯ ಮೇಲಿನ ಮಣ್ಣು ಕುಂಬಾರನಿಗೆ ಎದುರುಮಾತಾಡುವದಿಲ್ಲ. ಅವನ ಕೈಗೆ ಒಳಗಾಗಿಯೇ ಅದು ಪಾತ್ರೆಯಾಗುತ್ತದೆ. ಈ ವಾರ ನಿಮ್ಮಲ್ಲಿ ಯಾರಿಗಾದರೂ ಸಹೋದರನ ಸಂಗಡ ಮುನಿಸಿದ್ದರೆ, ಅವನು ಬರಲೆಂದು ಕಾಯದೆ ನೀವೇ ಅವನ ಮನೆಗೆ ಹೋಗಿರಿ. ಹೇಬಿಖ್ ಅಯ್ಯನವರು ಸಾರಿದ ಯುದ್ಧದಲ್ಲಿ ಅದು ದೊಡ್ಡ ಜಯವೇ ಸರಿ. ನಾವೂ ಆ ಮುದುಕಿಯ ಮನೆಗೆ ಹೋಗಿ, ಪ್ರಾರ್ಥಿಸುವದನ್ನು ನಮಗೂ ಕಲಿಸಬೇಕೆಂದು ಕೇಳಿಕೊಂಡೆವು.