ಮಾತೃಶೋಕ ಮತ್ತು ಸಲ್ಲೇಖನ: ಮಾಚಿಕಬ್ಬೆಯ ಚರಿತ್ರೆ

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿಯ ಹೆಸರನ್ನು ಅರಿಯದ ಕನ್ನಡಿಗರು ವಿರಳ. ಆಕೆಯನ್ನು ಹೆತ್ತ ಮಾಚಿಕಬ್ಬೆಯ ಚರಿತ್ರೆಯಾದರೋ ಶ್ರವಣಬೆಳಗೊಳದ ಶಾಸನದಲ್ಲಿ ಅಡಗಿದೆ. ವ್ರತನಿಷ್ಠರಾದ ಶ್ರಾವಕ ಶ್ರಾವಿಕೆಯರು ಮನನ ಮಾಡತಕ್ಕ ಚರಿತ್ರೆ ಅದು.

ಮಾಚಿಕಬ್ಬೆ ದಂಡನಾಯಕ ಬಲದೇವನ ಮಗಳು. ಜಿನಭಕ್ತಿಯು ಆಕೆಗೆ ತವರಿನಿಂದ ಬಂದ ಸಂಪತ್ತು. ಕೈಹಿಡಿದ ಪೆರ್ಗಡೆ ಮಾರಸಿಂಗಯ್ಯನು ಶಿವಭಕ್ತ. ಮಗಳು ತಾಯಿಯ ಧರ್ಮವನ್ನೇ ಅನುಸರಿಸಿ ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾದಳು. ಪೂರ್ವದಲ್ಲಿ ಕೋಲಾರ ಸೀಮೆಯ ನಂಗಲಿಯವರೆಗೆ ಹಬ್ಬಿದ ರಾಜ್ಯದ ರಾಣಿಯಾಗಿದ್ದು, 1123ರಲ್ಲಿ ಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥ ಸ್ವಾಮಿಯನ್ನು ಪ್ರತಿಷ್ಠಾಪಿಸಿದಳು. ಹೆತ್ತವಳಿಗೆ ಇದಕ್ಕಿಂತ ಹೆಚ್ಚಿನ ಧನ್ಯತೆ ಯಾವುದು?

ಆ ಧನ್ಯತೆ ಬಹುಕಾಲ ಉಳಿಯಲಿಲ್ಲ. 1131ರ ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿಯಂದು ಶಾಂತಲೆ ಶಿವಗಂಗೆಯಲ್ಲಿ ದೇಹವನ್ನು ತ್ಯಜಿಸಿದಳು. ಮಗಳು ಹೋದ ಮೇಲೆ ತಾನು ಹಿಂದುಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳೆಂದು ಶಾಸನ ತಿಳಿಸುತ್ತದೆ. ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ಮುನಿಗಳ ಸನ್ನಿಧಿಯಲ್ಲಿ ಸನ್ಯಸನವನ್ನು ಕೈಕೊಂಡು, ಬಂಧುಗಳನ್ನು ಬೀಳ್ಕೊಂಡು, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಜಪಿಸುತ್ತ, ಒಂದು ತಿಂಗಳು ಉಪವಾಸವಿದ್ದು ಸಮಾಧಿಮರಣವನ್ನು ಹೊಂದಿದಳು.

ಇಲ್ಲಿ ಧರ್ಮಜ್ಞರಿಗೆ ಒಂದು ಶಂಕೆ ಸಹಜ. ಮರಣವನ್ನು ಬಯಸುವುದೂ, ಪ್ರಿಯಜನರಲ್ಲಿ ಅನುರಾಗವನ್ನು ಇರಿಸಿಕೊಳ್ಳುವುದೂ ಸಲ್ಲೇಖನಕ್ಕೆ ಅತಿಚಾರಗಳೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಹಾಗಿರುವಾಗ ಪುತ್ರೀಶೋಕದಿಂದ ಹೊರಟವಳ ವ್ರತವು ನಿರ್ದೋಷವೆನಿಸೀತೆ? ಶಾಸನವು ತಾಯಿಯ ಸಂಕಟವನ್ನೂ ಮರೆಮಾಚಿಲ್ಲ, ಆಕೆಯ ಸಾಧನೆಯನ್ನೂ ಬಿಟ್ಟಿಲ್ಲ. ಬೆಳಗೊಳಕ್ಕೆ ಬಂದದ್ದು ಶೋಕ. ಗುರುಗಳ ಮುಂದೆ ಕುಳಿತದ್ದು ವ್ರತ. ಶೋಕದ ಆವೇಗಕ್ಕೆ ಒಂದು ಕ್ಷಣ ಸಾಕು. ವ್ರತಕ್ಕೆ ಗುರುವಿನ ಸನ್ನಿಧಿ ಬೇಕು, ಬಂಧುಗಳಲ್ಲಿ ಕ್ಷಮಾಭಾವ ಬೇಕು, ದಿನದಿನವೂ ಮಮತೆಯನ್ನು ಬಿಡುವ ತಾಳ್ಮೆ ಬೇಕು. ಆ ಒಂದು ತಿಂಗಳಲ್ಲಿ ಮಾಚಿಕಬ್ಬೆ ಬಿಡಬೇಕಾಗಿದ್ದ ಕೊನೆಯ ಪರಿಗ್ರಹ ಮಗಳ ಮೇಲಿನ ಮೋಹವೇ ಆಗಿದ್ದಿರಬೇಕು.

ಸಂತಾನವನ್ನು ಕಳೆದುಕೊಂಡ ತಾಯಿತಂದೆಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅಂಥವರು ಈ ಚರಿತ್ರೆಯಿಂದ ಅನ್ನತ್ಯಾಗವನ್ನು ಕಲಿಯತಕ್ಕದ್ದಲ್ಲ. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿಯೇ ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಮೇರೆಯನ್ನು ಹಾಕಿದ್ದಾರೆ. ಆ ಪಟ್ಟಿಯಲ್ಲಿ ಶೋಕವಿಲ್ಲ. ಕಲಿಯಬೇಕಾದುದು ದುಃಖವನ್ನು ಒಬ್ಬರೇ ಹೊರದೆ ಗುರುಸನ್ನಿಧಿಗೂ ಬಂಧುಗಳ ಬಳಿಗೂ ಒಯ್ಯುವುದನ್ನು. ಪತಿಪತ್ನಿಯರು ಪರಸ್ಪರ ದೋಷವನ್ನು ಎಣಿಸದೆ ಕ್ಷಮೆಯನ್ನು ಬೇಡಿ, ಶಕ್ತ್ಯನುಸಾರ ಒಂದು ಏಕಾಶನವನ್ನೋ ಸಂಜೆಯ ಣಮೋಕಾರ ಜಪವನ್ನೋ ಜೊತೆಯಾಗಿ ಕೈಕೊಳ್ಳಲಿ. ಬರಿದಾದ ಮನೆಯಲ್ಲಿ ಧರ್ಮವು ಪುನಃ ನೆಲೆಗೊಳ್ಳಲು ಅಷ್ಟು ಚಿಕ್ಕ ವ್ರತವೂ ಆಧಾರವಾದೀತು.