ಕೆರೆ ಹೆಪ್ಪುಗಟ್ಟಲಿಲ್ಲ ಅಂತ ಕೈಕಟ್ಟಿ ಕೂರದ ಡಾಕ್ಟರು: ಕರ್ಲಿಂಗ್ ಆಟಕ್ಕೆ ಅಂಗಳ ಕಟ್ಟಿದ ಜಾನ್ ಕೇರ್ನಿ

ಚಳಿಗಾಲದ ಒಲಿಂಪಿಕ್ಸ್ ಬಂದಾಗಲೆಲ್ಲ ಮೊಬೈಲ್‌ಗಳಲ್ಲಿ ಒಂದು ವಿಡಿಯೋ ಓಡಾಡುತ್ತೆ. ಮಂಜುಗಡ್ಡೆಯ ಮೇಲೆ ಒಬ್ಬರು ಕಲ್ಲು ಜಾರಿಸಿ ಬಿಡ್ತಾರೆ, ಇನ್ನಿಬ್ಬರು ಪೊರಕೆಯಂಥದ್ದು ಹಿಡಿದು ಅದರ ಮುಂದೆ ಗುಡಿಸುತ್ತಾ ಓಡ್ತಾರೆ. ಅದೇ ಕರ್ಲಿಂಗ್. ಗುಡಿಸೋದು ತಮಾಷೆಗಲ್ಲ. ಉಜ್ಜಿದ ಕಡೆ ಮಂಜುಗಡ್ಡೆ ಕೊಂಚ ಬಿಸಿಯಾಗಿ ಜಾರಿಕೆ ಹೆಚ್ಚುತ್ತೆ, ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತೆ. ಉಳಿದ ಲೆಕ್ಕಾಚಾರ ಕೇರಂ ಆಡಿದವರಿಗೆ ಬೇಗ ಅರ್ಥವಾಗುತ್ತೆ. ತಮ್ಮ ಕಲ್ಲು ವೃತ್ತದ ನಡುವಿಗೆ ಹತ್ತಿರ ನಿಲ್ಲಬೇಕು, ಎದುರಾಳಿಯ ಕಲ್ಲನ್ನು ಹೊಡೆದು ಆಚೆ ತಳ್ಳಬೇಕು. ಸ್ಟ್ರೈಕರ್ ಜಾಗದಲ್ಲಿ 17ರಿಂದ 20 ಕಿಲೋ ತೂಗುವ ಗ್ರಾನೈಟ್ ಕಲ್ಲು ಇರುತ್ತೆ, ಅಷ್ಟೇ.

ಆಟ ಸ್ಕಾಟ್ಲೆಂಡಿನದು, ನೂರಾರು ವರ್ಷ ಹಳೆಯದು. ಆದರೆ ಅದಕ್ಕೆ ಸರಿಯಾದ ಅಂಗಳ, ನಾಡಿಗೆಲ್ಲ ಒಂದು ಸಂಘ ಅಂತ ಹುಡುಕುತ್ತಾ ಹೋದರೆ ದಾರಿ ಲಾರ್ಗ್ಸ್ ಎಂಬ ಸಣ್ಣ ಕರಾವಳಿ ಊರಿಗೆ, ಅಲ್ಲಿನ ಒಬ್ಬ ಡಾಕ್ಟರ ಮನೆಗೆ ಹೋಗಿ ಮುಟ್ಟುತ್ತೆ.

ಜಾನ್ ಕೇರ್ನಿ ಓದಿದ್ದು ವೈದ್ಯಕೀಯ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಸರ್ಜನ್ ಆಗಿ ದುಡಿದರು. ಹೌದು, ಈ ದೇಶದಲ್ಲಿ ವ್ಯಾಪಾರಕ್ಕೆ ಅಂತ ಬಂದು ಯಜಮಾನಿಕೆ ಮಾಡಿದ ಅದೇ ಕಂಪನಿ. ಅಲ್ಲಿಂದ ಬಿಡುಗಡೆ ಪಡೆದು ಲಾರ್ಗ್ಸ್‌ನಲ್ಲಿ ನೆಲೆನಿಂತರು, ಮನೆ ಕಟ್ಟಿಸಿದರು. ಮನೆಗೆ ಇಟ್ಟ ಹೆಸರೇ ‘ಕರ್ಲಿಂಗ್ ಹಾಲ್’. ಆಟದ ಹುಚ್ಚು ಎಷ್ಟಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಮದ್ದು ಸಿಡಿದ ಅವಘಡವೊಂದರಲ್ಲಿ ಅವರು ಒಂದು ಕೈ ಕಳೆದುಕೊಂಡರು. ಸರ್ಜನ್‌ಗೆ ಕೈ ಹೋಯ್ತು ಅಂದ್ರೆ ಏನುಳಿಯಿತು? ಬೇರೆ ಯಾರಾದರೂ ಆಗಿದ್ದರೆ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರೇನೋ. ಕೇರ್ನಿ ಒಂದೇ ಕೈಯಲ್ಲಿ ಆಡಿದರು. ಕಲ್ಲು ಬಿಡುವಾಗ ಕಾಲು ಜಾರದಂತೆ ನಿಲ್ಲೋದಕ್ಕೆ ಮಂಜುಗಡ್ಡೆಯ ಮೇಲಿಡುವ ಕಬ್ಬಿಣದ ತಗಡೊಂದನ್ನೂ ರೂಪಿಸಿದರು. ಅದಕ್ಕೆ ಮುಂಚೆ ಆಟಗಾರರು ಪಾದಕ್ಕೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು ಆಡುತ್ತಿದ್ದರು, ಅದು ಮಂಜುಗಡ್ಡೆಯನ್ನೇ ಕೆರೆದು ಹಾಳು ಮಾಡುತ್ತಿತ್ತು.

ಆದರೆ ದೊಡ್ಡ ತೊಂದರೆ ಇದ್ದದ್ದು ಹವಾಮಾನದಲ್ಲಿ. ಆಗೆಲ್ಲ ಕರ್ಲಿಂಗ್ ನಡೆಯುತ್ತಿದ್ದದ್ದು ಕೆರೆ, ಸರೋವರಗಳ ಮೇಲೆ. ಆಳದ ನೀರು ಸುಲಭಕ್ಕೆ ಹೆಪ್ಪುಗಟ್ಟೋದಿಲ್ಲ. ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತೆ, ಕೆಳಗಿನದು ಮೇಲೆ ಬರುತ್ತೆ. ಇಡೀ ನೀರು 4 ಡಿಗ್ರಿಗೆ ಇಳಿದ ಮೇಲೇ ಮೇಲ್ಮೈ ಗಟ್ಟಿಯಾಗುವ ಮಾತು. ಅದಕ್ಕೆ ದಿನಗಟ್ಟಲೆ ಕಡುಚಳಿ ಬೇಕು. ಸಮುದ್ರದ ಗಾಳಿ ಬೀಸುವ ಲಾರ್ಗ್ಸ್‌ನಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಕಲ್ಲು ಒರೆಸಿಟ್ಟುಕೊಂಡು ಕಾಯೋದೇ ಕೆಲಸ. ಬಂದರೂ ಎರಡು ದಿನಕ್ಕೆ ಕರಗಿತು ಅಂದ್ರೆ ಆ ವರ್ಷದ ಆಟ ಮುಗಿದಂತೆ. ತೆಳು ಪದರದ ಮೇಲೆ ಆಸೆಪಟ್ಟು ಕಾಲಿಟ್ಟರೆ ನೀರುಪಾಲಾಗುವ ಭಯ ಬೇರೆ.

ಕೇರ್ನಿ ಲೆಕ್ಕವನ್ನು ತಿರುವಿ ಹಾಕಿದರು. ಆಳ ಇದ್ದರೆ ತಾನೇ ತೊಂದರೆ, ಆಳವೇ ಬೇಡ! ಮನೆಯ ಜಾಗದಲ್ಲಿ ನೆಲ ಸಮತಟ್ಟು ಮಾಡಿಸಿ, ನೀರು ಇಂಗದಂತೆ ಜೇಡಿಮಣ್ಣು ಮೆತ್ತಿಸಿ ಗಟ್ಟಿ ಮಾಡಿಸಿದರು. ಅದರ ಮೇಲೆ ತೆಳ್ಳಗೆ ನೀರು ಹರಡಿದರೆ ಒಂದೇ ರಾತ್ರಿಯ ಚಳಿ ಸಾಕಾಗುತ್ತಿತ್ತು. ಒಡೆದರೂ ಕೆಳಗೆ ಗಟ್ಟಿ ನೆಲ, ಮುಳುಗುವವರು ಯಾರೂ ಇಲ್ಲ. 1828ರ ಹೊತ್ತಿಗೆ ಕರ್ಲಿಂಗ್ ಹಾಲ್‌ನ ಈ ಕೃತಕ ಕೊಳದಲ್ಲಿ ಆಟ ಶುರುವಾಗಿತ್ತು. ಈ ಉಪಾಯ ಮೊದಲು ಹೊಳೆದದ್ದು ತನಗೆ ಅಂತ ಎಡಿನ್‌ಬರೊ ಹತ್ತಿರದ ಪಾದ್ರಿಯೊಬ್ಬರೂ ವಾದಕ್ಕೆ ಬಂದರು. ಯಾರು ಮೊದಲು ಅನ್ನೋ ಜಗಳ ಅವರಿಗೇ ಇರಲಿ. ಉಪಾಯವನ್ನು ಊರೂರಿಗೆ ಮುಟ್ಟಿಸಿದ ಶ್ರೇಯ ಮಾತ್ರ ಕೇರ್ನಿಗೇ ಸಲ್ಲಬೇಕು.

ಮಂಜುಗಡ್ಡೆ ಸಿದ್ಧವಾದ ದಿನ ಅವರ ಮನೆ ಮೇಲೆ ಬಾವುಟ ಏರುತ್ತಿತ್ತು. ಊರವರಿಗೆ ಅದೇ ಕರೆಯೋಲೆ. ಸ್ಕಾಟ್ಲೆಂಡಿನಲ್ಲಿ ಜಮೀನ್ದಾರ, ರೈತ, ಗಾರೆ ಕೆಲಸದವ ಎಲ್ಲ ಒಂದೇ ತಂಡದಲ್ಲಿ ಆಡುತ್ತಿದ್ದ ಆಟ ಇದು. ಹೆಂಗಸರಿಗೆ ಮಾತ್ರ ಆ ಕಾಲದಲ್ಲಿ ಜಾಗ ಇರಲಿಲ್ಲ, ಅದೂ ನಿಜ.

ಇಂಥ ಗುಟ್ಟು ಕೈಗೆ ಸಿಕ್ಕರೆ ಎಷ್ಟೋ ಜನ ತಮ್ಮ ಬಳಿಯೇ ಇಟ್ಟುಕೊಳ್ತಾರೆ. ಕೇರ್ನಿ 1833ರಲ್ಲಿ ಪುಸ್ತಕ ಬರೆದು ಅಚ್ಚು ಹಾಕಿಸಿದರು. ಕರ್ಲಿಂಗ್ ಆಟ ಮತ್ತು ಕೃತಕ ಕೊಳ ಕಟ್ಟುವ ಬಗೆ, ಎರಡೂ ಅದರಲ್ಲಿದ್ದವು. ಓದಿದ ಯಾವ ಊರಿನವರೂ ತಮ್ಮ ಕೊಳ ತಾವೇ ಕಟ್ಟಿಕೊಳ್ಳಬಹುದಿತ್ತು.

ಅಂಗಳವೇನೋ ಆಯ್ತು, ನಿಯಮ? ಒಂದೊಂದು ಕಡೆ ಒಂದೊಂದು ಪದ್ಧತಿ. ಒಂದು ಕಡೆ ತಂಡಕ್ಕೆ 8 ಜನ, ತಲಾ ಒಂದು ಕಲ್ಲು. ಇನ್ನೊಂದು ಕಡೆ 4 ಜನ, ತಲಾ ಎರಡು. ಕಲ್ಲಿನ ಆಕಾರ, ತೂಕವೂ ಅವರವರ ಇಷ್ಟ. ಪಕ್ಕದ ಊರಿನ ಮೇಲೆ ಪಂದ್ಯ ಅಂದರೆ ಆಟಕ್ಕಿಂತ ಮೊದಲು ವಾದ. 1838ರ ಮೇ ತಿಂಗಳಲ್ಲಿ ಕ್ಲಬ್‌ಗಳೆಲ್ಲ ಎಡಿನ್‌ಬರೊದಲ್ಲಿ ಸೇರಬೇಕು ಅಂತ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು, ಅದರಲ್ಲಿ ಕೊಟ್ಟವರ ಹೆಸರಿರಲಿಲ್ಲ. ಮೊದಲ ಸಭೆಗೆ ಬಂದವರು ಬೆರಳೆಣಿಕೆ ಮಂದಿ. ಕೈಬಿಡದೆ ಜುಲೈ 25ಕ್ಕೆ ಮತ್ತೆ ಕರೆದರು. ಆಗ ಕ್ಲಬ್‌ಗಳ ಪ್ರತಿನಿಧಿಗಳು ಸೇರಿ ‘ಗ್ರ್ಯಾಂಡ್ ಕ್ಯಾಲೆಡೋನಿಯನ್ ಕರ್ಲಿಂಗ್ ಕ್ಲಬ್’ ಹುಟ್ಟಿತು. ಮೊದಲ ಅಧ್ಯಕ್ಷರಾಗಿ ಆರಿಸಿದ್ದು ಲಾರ್ಗ್ಸ್‌ನ ಈ ಒಂಟಿಗೈ ಡಾಕ್ಟರನ್ನು. ಆಗ ಅವರ ವಯಸ್ಸು 70ರ ಆಸುಪಾಸು.

1842ರಲ್ಲಿ ವಿಕ್ಟೋರಿಯಾ ರಾಣಿ ಸ್ಕಾಟ್ಲೆಂಡಿಗೆ ಬಂದಾಗ ಸ್ಕೋನ್ ಅರಮನೆಯ ನುಣುಪು ನೆಲದ ಮೇಲೇ ಕಲ್ಲು ಜಾರಿಸಿ ಆಕೆಗೆ ಕರ್ಲಿಂಗ್ ತೋರಿಸಿದರು. ಮರುವರ್ಷ ಸಂಘದ ಹೆಸರಿಗೆ ‘ರಾಯಲ್’ ಸೇರಿತು, ಇವತ್ತಿಗೂ ಅದೇ ಹೆಸರಿದೆ. ಕೇರ್ನಿ ಅದನ್ನು ಕೇಳಲಿಲ್ಲ. 1842ರಲ್ಲೇ ತೀರಿಕೊಂಡಿದ್ದರು.